ಎರಡೂ ಒಂದೇ

ಮೇಷ್ಟ್ರಿಗೆ ಒಂದು ಹಠವಿತ್ತು. ಕಣ್ಣಾರೆ ನೋಡದೆ ಪದ ಕೊಡುತ್ತಿರಲಿಲ್ಲ. ಇಂಗ್ಲಿಷಿನ ‘ಸ್ಪಿಲ್’ಗೂ ‘ಪೋರ್’ಗೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ, ಬೇರೆ ಮೇಷ್ಟ್ರಾಗಿದ್ದರೆ ಬೋರ್ಡಿನ ಮೇಲೆ ಎರಡು ಸಾಲು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಇವರು ಕೇಳಿದವನ ಪುಸ್ತಕದ ಮೇಲೆಯೇ ಲೋಟದ ನೀರು ಉರುಳಿಸಿ ಇದು ಸ್ಪಿಲ್ ಎನ್ನುತ್ತಿದ್ದರು. ಆಮೇಲೆ ಹೂಜಿಯಿಂದ ಅದೇ ಲೋಟಕ್ಕೆ ನೀರು ಬಗ್ಗಿಸಿ, ಇದು ಪೋರ್, ಈಗ ಕುಡಿ ಎನ್ನುತ್ತಿದ್ದರು. ಪುಸ್ತಕ ಒದ್ದೆ ಮಾಡಿಸಿಕೊಂಡವನು ಅದನ್ನು ಸಾಯುವ ತನಕ ಮರೆಯುತ್ತಿರಲಿಲ್ಲ. ಜಗತ್ತಿನಲ್ಲಿ ಎರಡು ಪದ ಒಂದೇ ಅಂತ ಇಲ್ಲ ಎನ್ನುವುದು ಅವರ ವೇದವಾಕ್ಯ. ಒಂದೇ ಆಗಿದ್ದರೆ ಒಂದನ್ನು ಜನ ಯಾವತ್ತೋ ಕಸಕ್ಕೆ ಎಸೆದಿರುತ್ತಿದ್ದರು ಎಂದು ದಿನಕ್ಕೊಂದು ಸಲವಾದರೂ ಹೇಳದಿದ್ದರೆ ಅವರಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಊರು ಅವರನ್ನು ಡಿಕ್ಷನರಿ ಮೇಷ್ಟ್ರು ಎಂದು ಕರೆಯುತ್ತಿತ್ತು. ಅವರಿಗೂ ಆ ಹೆಸರು ಕೇಳಿದರೆ ಒಳಗೊಳಗೇ ಖುಷಿ. ಹೊರಗೆ ಮಾತ್ರ ಮುಖ ಗಂಟು ಹಾಕಿಕೊಳ್ಳುತ್ತಿದ್ದರು.

ಅವರ ಟ್ಯೂಷನ್ ಕೋಣೆ ಇದ್ದದ್ದು ಪಂಕ್ಚರ್ ಅಂಗಡಿಯ ಮೇಲೆ. ಕೆಳಗೆ ಗಾಳಿ ತುಂಬುವ ಯಂತ್ರ ಗುರುಗುಟ್ಟಿದರೆ ಮೇಲಿನ ಬೆಂಚುಗಳು ನಡುಗುತ್ತಿದ್ದವು. ಪಂಕ್ಚರಿನವನು ಬಾಯಿ ಜೋರಿನ ಆಳು. ಮೇಷ್ಟ್ರು ಮೇಲೆ ಕೂಗಿ ಪಾಠ ಮಾಡಿದ್ದೆಲ್ಲ ಅವನಿಗೆ ಕೆಳಗೆ ಕೇಳುತ್ತಿತ್ತು. ಸುಮ್ಮನೆ ಕೇಳಿಸಿಕೊಂಡು ಇರುವ ಜಾತಿಯೂ ಅವನದಲ್ಲ. ಮೇಷ್ಟ್ರು ಮೆಟ್ಟಿಲಿಳಿದು ಬಂದರೆ, ಇವತ್ತು ಫೀಸು ಕೊಡದೆ ನಾಲ್ಕು ಪದ ಕಲಿತೆ, ಬೇಕಿದ್ದರೆ ಪೊಲೀಸಿಗೆ ಕೊಡಿ ಎಂದು ನಗುತ್ತಿದ್ದ. ಇದು ಅವನ ದಿನನಿತ್ಯದ ತಮಾಷೆ. ಮೇಷ್ಟ್ರು ಪ್ರತಿದಿನ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು.

ಆ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ಮುಚ್ಚಿತ್ತು. ಮೇಷ್ಟ್ರು ಬೀಗ ತೆಗೆಯುವಷ್ಟರಲ್ಲಿ ಅವನ ಹೆಂಡತಿ ಮೆಟ್ಟಿಲು ಹತ್ತಿ ಬಂದಳು. ತಲೆಗೂದಲು ಕಟ್ಟಿರಲಿಲ್ಲ, ಕಾಲಲ್ಲಿ ಬೇರೆ ಬೇರೆ ಜೋಡಿಯ ಚಪ್ಪಲಿ. ಬೆಳಕು ಹರಿಯುವ ಹೊತ್ತಿಗೆ ಪೊಲೀಸರು ಬಂದು ಗಂಡನನ್ನು ಎಳೆದುಕೊಂಡು ಹೋದರಂತೆ. ಯಾರದೋ ಕಾರಿನ ಚಕ್ರಗಳು ಕಳುವಾಗಿವೆ, ಅಂಗಡಿಯಲ್ಲಿ ಹಳೆ ಚಕ್ರ ಇವೆ, ಅಷ್ಟೇ ಸಾಕ್ಷಿ. ಪಂಕ್ಚರ್ ಅಂಗಡಿಯಲ್ಲಿ ಚಕ್ರ ಇಲ್ಲದೆ ಮಡಕೆ ಇರುತ್ತದೆಯೇ ಎಂದು ಆಕೆ ಅತ್ತಳು. ಮೇಷ್ಟ್ರು ಸಮಾಧಾನ ಹೇಳಿದರು. ಠಾಣೆಯ ಸಾಹೇಬನ ಮಗಳು ತಮ್ಮ ಹತ್ತಿರವೇ ಓದುತ್ತಾಳೆ, ತರಗತಿಗೆಲ್ಲ ಅವಳೇ ಮುಂದು, ಸಾಹೇಬನಿಗೆ ತಮ್ಮ ಮೇಲೆ ಬಹಳ ಗೌರವ, ಒಂದು ಮಾತು ಹೇಳಿದರೆ ಮುಗಿಯಿತು ಎಂದರು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಅವರು ಅಕ್ಷರಶಃ ನಂಬಿದ್ದರು.

ಮಧ್ಯಾಹ್ನ ಅವರು ಹೊರಡುವ ಮೊದಲೇ ಠಾಣೆಯಿಂದ ಪೇದೆ ಬಂದ. ಸಾಹೇಬರು ಕರೆಯುತ್ತಿದ್ದಾರೆ, ಇಂಗ್ಲಿಷಿನ ಏನೋ ಅನುಮಾನವಂತೆ ಎಂದ. ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿತು ಎಂದುಕೊಂಡು ಮೇಷ್ಟ್ರು ಆ ಹೆಣ್ಣುಮಗಳನ್ನೂ ಕರೆದುಕೊಂಡು ಹೊರಟರು. ಅವಳನ್ನು ಠಾಣೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಗಂಡನನ್ನು ಕರೆದುಕೊಂಡೇ ಬರುತ್ತೇನೆ ಎಂದು ಮಾತು ಕೊಟ್ಟು ಒಳಗೆ ಹೋದರು.

ಸಾಹೇಬ ಎದ್ದು ನಿಂತು ಕುರ್ಚಿ ಎಳೆದು ಕೊಟ್ಟ, ಚಹಾ ತರಿಸಿದ. ಆರಡಿ ಆಳು, ತೋಳು ಅಂದರೆ ಒನಕೆ. ಇಂಥವನಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ಹೆದರಿಕೆ, ಅದು ಇಂಗ್ಲಿಷ್. ಹೊಸದಾಗಿ ಬಂದಿದ್ದ ದೊಡ್ಡ ಸಾಹೇಬರು ಭಾರಿ ಓದಿದವರು. ಠಾಣೆಯಿಂದ ಹೋದ ವರದಿಯಲ್ಲಿ ಒಂದು ಪದ ತಪ್ಪಿದರೂ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ ವಾಪಸು ಕಳಿಸುತ್ತಿದ್ದರು. ನೇಣು ಹಾಕಿಕೊಂಡವನ ವರದಿಯಲ್ಲಿ ಇವನು ‘ಹಂಗ್’ ಎಂದು ಬರೆದಿದ್ದ. ತೂಗುಹಾಕಿದ್ದು ಅಂಗಿಯಾದರೆ ಹಂಗ್, ಮನುಷ್ಯನಾದರೆ ಹ್ಯಾಂಗ್ಡ್ ಎಂದು ಎಲ್ಲ ಠಾಣೆಯವರ ಎದುರು ನಿಲ್ಲಿಸಿ ನಗಾಡಿದ್ದರಂತೆ. ಸತ್ತವನ ಬಗ್ಗೆ ಅಲ್ಲಿ ಯಾರೂ ಒಂದು ಮಾತು ಕೇಳಲಿಲ್ಲ. ಅಂದಿನಿಂದ ಈ ಠಾಣೆಯಲ್ಲಿ ಕಳ್ಳರಿಗಿಂತ ಹೆಚ್ಚಾಗಿ ಕೆಂಪು ಪೆನ್ಸಿಲಿಗೆ ಹೆದರುತ್ತಿದ್ದರು.

ಮೇಷ್ಟ್ರು ಚಹಾದ ಲೋಟ ಕೆಳಗಿಟ್ಟು ಪಂಕ್ಚರಿನವನ ವಿಷಯ ಎತ್ತಿದರು.

“ಅವನದೇ ವಿಷಯ, ಮೇಷ್ಟ್ರೇ,” ಎಂದ ಸಾಹೇಬ. “ಸ್ವಲ್ಪ ಏಟು ಬಿದ್ದಿದೆ. ಆಸ್ಪತ್ರೆಗೆ ಕಳಿಸ್ಬೇಕು. ಆದ್ರೆ ಆಸ್ಪತ್ರೆಯವರು ಫೋನ್ ಮಾಡೋಕೆ ಮೊದ್ಲು ನಮ್ಮ ವರದಿ ದೊಡ್ಡ ಸಾಹೇಬರ ಮೇಜಿನ ಮೇಲಿರ್ಬೇಕು. ನೀವು ಎಷ್ಟು ಬೇಗ ಪದ ಕೊಡ್ತೀರೋ ಅವನು ಅಷ್ಟು ಬೇಗ ಹೋಗ್ತಾನೆ.”

ಏಟು ಎಷ್ಟು ಎಂದು ಕೇಳಲು ಮೇಷ್ಟ್ರು ಬಾಯಿ ತೆರೆದರು. ಆದರೂ ಬೇಗ ಮುಗಿಸಿದರೆ ಅವನಿಗೇ ಒಳ್ಳೆಯದು ಎಂದು ಕನ್ನಡಕ ಏರಿಸಿಕೊಂಡರು. ಸಾಹೇಬ ಕೇಳಿದ ಮೊದಲ ಜೋಡಿ ‘ಫಾಲ್’ ಮತ್ತು ‘ಕೊಲ್ಯಾಪ್ಸ್’. ಆಳು ನೆಲಕ್ಕೆ ಬಿದ್ದ ಎಂದು ಬರೆಯಬೇಕು, ಯಾವುದು ಸರಿ? ಮೇಷ್ಟ್ರು ತಮ್ಮ ಕೋಣೆಯಲ್ಲೇ ಇದ್ದಂತೆ ಶುರುಮಾಡಿದರು. ಕಾಲು ಜಾರಿಯೋ ಎಡವಿಯೋ ಬಿದ್ದರೆ ಅದು ಫಾಲ್. ಹೊರಗಿನಿಂದ ಯಾರೂ ಏನೂ ಮಾಡದೆ, ಒಳಗಿನ ಶಕ್ತಿಯೇ ಉಡುಗಿ, ನಿಂತಲ್ಲೇ ಮನುಷ್ಯ ಕುಸಿದರೆ ಅದು ಕೊಲ್ಯಾಪ್ಸ್. ಯಾವುದೆಂದು ನೋಡದೆ ಹೇಗೆ ಹೇಳಲಿ ಎಂದು, ಹೇಳಿ ಹೇಳಿ ನಾಲಿಗೆಗೆ ಅಂಟಿಹೋಗಿದ್ದ ಮಾತನ್ನು ಕೊನೆಗೆ ಸೇರಿಸಿದರು.

ಸಾಹೇಬ ಒಂದು ಗಳಿಗೆ ಯೋಚಿಸಿದ. ಹೊರಗಿನವರಿಗೆ ಪಂಕ್ಚರಿನವನಿದ್ದ ಕೋಣೆ ತೋರಿಸುವ ಪದ್ಧತಿ ಇರಲಿಲ್ಲ. ಆದರೆ ಕೆಂಪು ಪೆನ್ಸಿಲ್ ಕಣ್ಣಮುಂದೆ ಬಂದಿರಬೇಕು. ಬನ್ನಿ ಎಂದು ಎದ್ದ.

ಹಿಂದಿನ ಕೋಣೆಯ ನೆಲವನ್ನು ಆಗಷ್ಟೇ ತೊಳೆದಿದ್ದರು. ಫಿನಾಯಿಲ್ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ಪಂಕ್ಚರಿನವನು ಗೋಡೆಗೊರಗಿ ಕಾಲು ಚಾಚಿ ಕೂತಿದ್ದ. ಕೂರಿಸಿದ್ದರು ಎನ್ನುವುದೇ ಸರಿ. ಮೈಮೇಲೆ ಅಂಗಿ ಇಲ್ಲ. ಅಂಗಾಲುಗಳು ಊದಿ ಕಪ್ಪಾಗಿದ್ದವು. ಒಂದು ಕಣ್ಣು ಮುಚ್ಚಿಹೋಗಿತ್ತು, ತುಟಿ ಎರಡು ಸೀಳಾಗಿತ್ತು, ಉಸಿರಾಡಿದಾಗಲೆಲ್ಲ ಪಕ್ಕೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಮೇಷ್ಟ್ರನ್ನು ಕಂಡದ್ದೇ ತೆರೆದಿದ್ದ ಒಂದು ಕಣ್ಣು ಅರಳಿತು.

“ಮೇಷ್ಟ್ರೇ, ಬಂದ್ರಾ,” ಎಂದ. “ಹೇಳಿ ಇವರಿಗೆ.”

ಹೇಳುತ್ತೇನೆ ಎಂದು ಮೇಷ್ಟ್ರು ತಲೆಯಾಡಿಸಿದರು. ಈಗ ಹೇಳಿ ಯಾವ ಪದ ಎಂದು ಸಾಹೇಬ ಕೇಳಿದಾಗ, ಅವರಿಗೆ ತೋಚಿದ್ದು ಹೇಗಾದರೂ ಮಾತು ತಪ್ಪಿಸುವುದೊಂದೇ. ಕೂತಿರುವವನನ್ನು ನೋಡಿ ಹೇಗೆ ಬಿದ್ದ ಅಂತ ಹೇಳಲಾಗುತ್ತದೆಯೇ ಎಂದುಬಿಟ್ಟರು.

ಎಂಥ ಮಾತು ಎಂಥ ಜಾಗದಲ್ಲಿ. ಸಾಹೇಬ ಕಣ್ಸನ್ನೆ ಮಾಡಿದ. ದಪ್ಪ ಪೇದೆ ಮತ್ತು ತೆಳ್ಳನೆಯ ಪೇದೆ ಇಬ್ಬರೂ ಪಂಕ್ಚರಿನವನ ಕಂಕುಳಿಗೆ ಕೈಕೊಟ್ಟು ಎತ್ತಿದರು. ಅಂಗಾಲು ನೆಲ ತಾಗಿದ ಕೂಡಲೇ ಅವನ ಗಂಟಲಿನಿಂದ ಪ್ರಾಣಿಯಂಥ ಕೂಗು ಬಂತು. ನೆಟ್ಟಗೆ ನಿಲ್ಲಿಸಿ, ಇಬ್ಬರೂ ಒಟ್ಟಿಗೇ ಕೈಬಿಟ್ಟರು. ಮಂಡಿ ಮಡಚಿತು, ಸೊಂಟ ಮಡಚಿತು, ಕೈ ಊರಿಕೊಳ್ಳುವಷ್ಟೂ ತ್ರಾಣವಿಲ್ಲದೆ ಗಲ್ಲ ನೆಲಕ್ಕೆ ಬಡಿಯಿತು. ಹಲ್ಲೊಂದು ತೊಳೆದ ನೆಲದ ಮೇಲೆ ಜಾರಿಕೊಂಡು ಬಂದು ಮೇಷ್ಟ್ರ ಚಪ್ಪಲಿಗೆ ತಾಗಿತು.

“ಈಗ ಹೇಳಿ ಮೇಷ್ಟ್ರೇ.”

“ಕೊಲ್ಯಾಪ್ಸ್,” ಎಂದರು ಮೇಷ್ಟ್ರು.

ಹೃದಯಕ್ಕಿಂತ ಮೊದಲು ಬಾಯಿ ಉತ್ತರ ಕೊಟ್ಟಿತ್ತು. ಜೀವಮಾನವಿಡೀ ಹಾಗೆ ಪಳಗಿಸಿದ ಬಾಯಿ ಅದು. ಸಾಹೇಬ ಭೇಷ್ ಎಂದು ಅವರ ಬೆನ್ನು ತಟ್ಟಿದ. ನೆಲದ ಮೇಲಿದ್ದವನು ಒಂದೇ ಕಣ್ಣಿನಿಂದ ಅವರನ್ನೇ ನೋಡುತ್ತಿದ್ದ. ಆ ಕಣ್ಣಿನಲ್ಲಿ ಸಿಟ್ಟು ಇದ್ದಿದ್ದರೂ ತಡೆದುಕೊಳ್ಳಬಹುದಿತ್ತು. ಇವರೇಕೆ ಹೀಗೆ ಮಾಡಿಸಿದರು ಎಂಬ ಗೊಂದಲವಷ್ಟೇ ಇತ್ತು.

ಮತ್ತೆ ಮೇಜಿನ ಹತ್ತಿರ ಬಂದಾಗ ಮೇಷ್ಟ್ರು ಸ್ವಲ್ಪ ಧೈರ್ಯ ತಂದುಕೊಂಡರು. ಅವನನ್ನು ತಕ್ಷಣ ಕಳಿಸಿ, ಉಳಿದ ವರದಿಯನ್ನು ನಾನೇ ಕೂತು ಬರೆದು ಕೊಡುತ್ತೇನೆ ಎಂದರು. ಸಾಹೇಬ ನಕ್ಕ. ಇನ್ನೆರಡೇ ಪದ ಎಂದ. ಪೊಲೀಸರಿಗೂ ಅವನಿಗೂ ‘ಸ್ಕಫಲ್’ ಆಯಿತು ಎಂದು ಬರೆದಿದ್ದೇನೆ, ಸರಿಯಿದೆಯೇ? ಹಳೆಯ ವರದಿಯೊಂದರಲ್ಲಿ ಸಾಹೇಬನಿಗೆ ಆ ಪದ ಸಿಕ್ಕಿತ್ತಂತೆ, ಬಹಳ ಮೆತ್ತಗಿದೆ ಎಂದು ಇಷ್ಟವಾಗಿತ್ತಂತೆ.

ಇಲ್ಲಿ ಮೇಷ್ಟ್ರು ದಾರಿಗೆ ಅಡ್ಡ ನಿಲ್ಲಬಹುದು ಎಂದುಕೊಂಡರು. ಪದ ತಪ್ಪು ಎಂದರೆ ಸಾಹೇಬ ಬರೆಯುವುದಿಲ್ಲ. ಬರೆಯದಿದ್ದರೆ ಸತ್ಯವನ್ನೇ ಬರೆಯಬೇಕಾಗುತ್ತದೆ. ಹಾಗೆಂದು ಲೆಕ್ಕ ಹಾಕಿ, ಒಬ್ಬನನ್ನು ಹಿಡಿದು ಮೂವರು ಹೊಡೆದರೆ ಅದು ಸ್ಕಫಲ್ ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಅದಕ್ಕೆ ಇಬ್ಬರು ಬೇಕು, ಒಬ್ಬರನ್ನೊಬ್ಬರು ಹಿಡಿದು ಎಳೆದಾಡಬೇಕು, ಇಬ್ಬರಿಗೂ ಗಾಯ ಆಗಿರಬೇಕು. ಇಷ್ಟು ಹೇಳಿ ಅವರಿಗೆ ತಾವು ಶೂರರೆನಿಸಿತು.

“ಇಬ್ಬರೂ ಬೇಕಾ?” ಎಂದ ಸಾಹೇಬ. ಅವನ ಧ್ವನಿಯಲ್ಲಿ ಕೋಪವೇ ಇರಲಿಲ್ಲ. ಪಾಠ ಅರ್ಥವಾದ ವಿದ್ಯಾರ್ಥಿಯ ಸಂತೋಷ ಇತ್ತು. “ಸರಿ, ಮಾಡ್ಸೋಣ.”

ಬಾಗಿಲು ಮುಚ್ಚಲೂ ಇಲ್ಲ. ಮೇಷ್ಟ್ರು ಕೂತ ಕುರ್ಚಿಯಿಂದ ಎಲ್ಲ ಕಾಣುತ್ತಿತ್ತು. ದಪ್ಪ ಪೇದೆ ಪಂಕ್ಚರಿನವನ ಎದೆಯ ಮೇಲೆ ಮಂಡಿಯೂರಿ ಕೂತು, ಅವನ ಎರಡೂ ಕೈ ಹಿಡಿದು, ಆ ಕೈಗಳ ಉಗುರಿನಿಂದಲೇ ತನ್ನ ಕೆನ್ನೆಯನ್ನು ಪರಚಿಸಿಕೊಂಡ. ಒಂದು ಸಲ ಸಾಲಲಿಲ್ಲ, ಗೆರೆ ತೆಳುವಾಯಿತು ಎಂದು ಸಾಹೇಬ ಹೇಳಿದ್ದಕ್ಕೆ ಇನ್ನೊಂದು ಸಲ ಪರಚಿಸಿಕೊಂಡ. ಪರಚಿದ್ದು ನಿಜವಾಗಿಯೂ ಉರಿದಿರಬೇಕು. ಕೆಟ್ಟ ಬೈಗುಳ ಬೈದು ಹಣೆಯಿಂದ ಅವನ ಮೂಗಿಗೆ ಗುದ್ದಿದ. ಮೂಳೆ ಮುರಿದ ಸದ್ದು ಮೇಜಿನವರೆಗೆ ಕೇಳಿತು. ತೆಳ್ಳನೆಯ ಪೇದೆ ಬಿದ್ದವನ ಕೂದಲು ಹಿಡಿದೆತ್ತಿ ಗೋಡೆಗೆ ಹಿಂದಕ್ಕೂ ಮುಂದಕ್ಕೂ ಬಡಿದ. ಎಳೆದಾಟ ಆಗಬೇಕಲ್ಲ. ಹೊರಗಿನ ಬೆಂಚಿನಿಂದ ಆ ಹೆಣ್ಣುಮಗಳು ಗಂಡನ ಹೆಸರು ಹಿಡಿದು ಕೂಗಿದಳು. ಯಾರೋ ಅವಳನ್ನು ಗದರಿದರು. ಮೇಷ್ಟ್ರು ಕುರ್ಚಿಯ ತೋಳನ್ನು ಹಿಡಿದುಕೊಂಡು, ಸಾಕು ಸಾಹೇಬ್ರೇ, ಸಾಕು ಎಂದರು. ಸಾಹೇಬ ತಿರುಗಿಯೂ ನೋಡಲಿಲ್ಲ.

ಆಗ ಅವರಿಗೆ ಗೊತ್ತಾಯಿತು, ತಾವು ಇಲ್ಲಿ ಕೊಡುತ್ತಿರುವುದು ಪದವಲ್ಲ, ಏಟು ಎಂದು. ತಮ್ಮ ಬಾಯಿಂದ ಹೊರಟ ಒಂದೊಂದು ವ್ಯತ್ಯಾಸವನ್ನೂ ಇವರು ಆ ಮೈಯ ಮೇಲೆ ನಿಜ ಮಾಡುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಇಲ್ಲಿ ಬೆಕ್ಕಿಗೆ ಆಟ ಹೇಳಿಕೊಟ್ಟವರು ಯಾರು?

ಸಾಹೇಬ ಕೈ ಒರೆಸಿಕೊಂಡು ಬಂದು ಪೆನ್ನು ಎತ್ತಿಕೊಂಡ. ಕೊನೆಯ ಜೋಡಿ ‘ರಿಸ್ಟ್ರೇನ್’ ಮತ್ತು ‘ಸಬ್ಡ್ಯೂ’. ಪೊಲೀಸರು ಅವನನ್ನು ಏನು ಮಾಡಿದರು ಎನ್ನಬೇಕು? ಒಂದು ಪುಟದಲ್ಲಿ ಇದನ್ನು ಬರೆದಿದ್ದೇನೆ, ಇನ್ನೊಂದರಲ್ಲಿ ಅದನ್ನು.

ಮೇಷ್ಟ್ರಿಗೆ ವ್ಯತ್ಯಾಸ ಅಂಗೈ ನೆಲ್ಲಿಯಷ್ಟು ಸ್ಪಷ್ಟವಾಗಿತ್ತು. ನುಗ್ಗುವವನನ್ನು ಹಿಡಿದೋ ಕಟ್ಟಿಯೋ ತಡೆದರೆ ರಿಸ್ಟ್ರೇನ್. ಎದುರು ನಿಲ್ಲುವ ಕಸುವೇ ಉಳಿಯದ ಹಾಗೆ ಬಗ್ಗುಬಡಿದರೆ ಸಬ್ಡ್ಯೂ. ಮೊದಲನೆಯದು ಎಂದರೆ ಹಗ್ಗ ತರುತ್ತಾರೆ. ಎರಡನೆಯದು ಎಂದರೆ ಅವನ ಉಸಿರೇ ಅಡಗುವ ತನಕ ಬಿಡುವುದಿಲ್ಲ. ಒಳಗೆ ತೆಳ್ಳನೆಯ ಪೇದೆ ತೋಳು ಮಡಚಿ ಲಾಠಿ ಹಿಡಿದು, ಯಾವುದು ಬರುತ್ತದೋ ಎಂದು ಇತ್ತ ಕಡೆ ನೋಡುತ್ತಾ ನಿಂತಿದ್ದ.

“ವ್ಯತ್ಯಾಸ ಇಲ್ಲ ಸಾಹೇಬ್ರೇ,” ಎಂದರು ಮೇಷ್ಟ್ರು. “ಎರಡೂ ಒಂದೇ.”

ಸಾಹೇಬ ಹುಬ್ಬೇರಿಸಿದ. ಎರಡು ಪದ ಒಂದೇ ಇರುವುದಿಲ್ಲ ಅಂತ ನೀವು ಹೇಳಿದ್ದನ್ನು ನನ್ನ ಮಗಳು ಊಟಕ್ಕೆ ಕೂತಾಗಲೂ ಜಪ ಮಾಡುತ್ತಾಳಲ್ಲ ಎಂದ. ಮೇಷ್ಟ್ರು ಎಲ್ಲದಕ್ಕೂ ಒಂದು ಅಪವಾದ ಇರುತ್ತದೆ, ಇದು ಅಂಥದ್ದು, ಹೇಗಿದೆಯೋ ಹಾಗೇ ಇರಲಿ, ದೊಡ್ಡ ಸಾಹೇಬರೂ ಮೆಚ್ಚುತ್ತಾರೆ ಎಂದರು. ಜೀವಮಾನದಲ್ಲಿ ಪದದ ವಿಷಯದಲ್ಲಿ ಅವರು ಆಡಿದ ಮೊದಲನೆಯ ಸುಳ್ಳು ಅದು. ಬೆವರು ಕನ್ನಡಕದ ಒಳಗೆ ಇಳಿಯುತ್ತಿತ್ತು. ಸಾಹೇಬ ಅವರ ಮುಖವನ್ನು ಒಂದಷ್ಟು ಹೊತ್ತು ನೋಡಿ, ದೊಡ್ಡವರು ಹೇಳಿದ ಮೇಲೆ ಮುಗಿಯಿತು ಎಂದು ರುಜು ಹಾಕಿದ. ವರದಿ ಒಂದು ಕಡೆ ಹೋಯಿತು, ಪಂಕ್ಚರಿನವನನ್ನು ಹಾಕಿಕೊಂಡ ಜೀಪು ಇನ್ನೊಂದು ಕಡೆ ಹೋಯಿತು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಂಡತಿ ಜೀಪಿನ ನೆಲದಲ್ಲಿ ಕೂತಿದ್ದಳು.

ಮರುದಿನ ಬೆಳಿಗ್ಗೆ ಮೇಷ್ಟ್ರು ಆಸ್ಪತ್ರೆಗೆ ಹೋದರು. ಪಕ್ಕೆಲುಬು ಮುರಿದು ಒಂದು ಚೂರು ಶ್ವಾಸಕೋಶಕ್ಕೆ ಚುಚ್ಚಿತ್ತು. ಅವನನ್ನು ಹಾಸಿಗೆಯಿಂದ ಅಲುಗಾಡಿಸಿದರೆ ಉಳಿಯುವುದಿಲ್ಲ, ಹಾಗೇ ಬಿಟ್ಟರೆ ಉಳಿಯಬಹುದು ಎಂದು ಡಾಕ್ಟರು ಹೆಂಡತಿಗೆ ಹೇಳಿದ್ದರಂತೆ. ಅವಳು ಮೇಷ್ಟ್ರಿಗೆ ಕೈಮುಗಿದಳು, ನೀವಿಲ್ಲದಿದ್ದರೆ ಅಲ್ಲೇ ಮುಗಿಸಿಬಿಡುತ್ತಿದ್ದರು ಎಂದಳು. ಮೇಷ್ಟ್ರು ತಲೆ ತಗ್ಗಿಸಿಕೊಂಡು ಹೊರಗೆ ಬಂದರು. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ಪಾಠದ ನಡುವೆ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿತು. ಸಾಹೇಬ ಬಾಗಿಲಿನಲ್ಲಿ ನಿಂತ, ಅವನ ಹಿಂದೆ ಕೆನ್ನೆಗೆ ಪಟ್ಟಿ ಹಾಕಿಕೊಂಡಿದ್ದ ದಪ್ಪ ಪೇದೆ. ಮುಂದಿನ ಬೆಂಚಿನಲ್ಲಿದ್ದ ಸಾಹೇಬನ ಮಗಳು ಅಪ್ಪಾ ಎಂದು ನಕ್ಕು ಎದ್ದಳು. ಹದಿನಾಲ್ಕರ ಹುಡುಗಿ, ಉದ್ದ ಜಡೆ, ಯಾವಾಗಲೂ ಮಸಿ ಮೆತ್ತಿದ ಬೆರಳು. ಅವಳ ಕಡೆ ನೋಡದೆ ಸಾಹೇಬ ನೇರವಾಗಿ ಮೇಷ್ಟ್ರ ಮುಂದೆ ಹೋಗಿ ವರದಿಯನ್ನು ಮೇಜಿಗೆ ಬಡಿದ. ಎರಡು ಕೆಂಪು ಸುತ್ತು. ಕೆಳಗೆ ದೊಡ್ಡ ಸಾಹೇಬರ ಬರಹ: ಕಟ್ಟಿ ತಡೆದಿರೋ, ಬಗ್ಗುಬಡಿದಿರೋ? ಕಟ್ಟಿದ್ದರೆ ಗುರುತು ಎಲ್ಲಿ? ಸಂಜೆಯೊಳಗೆ ಉತ್ತರ ಬರಲಿ.

“ಮೇಷ್ಟ್ರೇ, ನೆಟ್ಟಗೆ ಹೇಳಿ,” ಎಂದ ಸಾಹೇಬ. “ವ್ಯತ್ಯಾಸ ಇದೆ ಅಂದ್ರೆ ನಾನೀಗ್ಲೇ ಆಸ್ಪತ್ರೆಗೆ ಹೋಗಿ ಅವನನ್ನ ಒಂದು ಗಂಟೆ ಹೊರಗೆ ತರ್ತೀನಿ. ಕೈಕಾಲಿಗೆ ಹಗ್ಗದ ಗುರುತು ಮಾಡಿಸಿ ವಾಪಸ್ ಮಲಗಿಸ್ತೀನಿ. ಇಲ್ಲ ಅಂದ್ರೆ ಇಲ್ಲ ಅಂತ ಬರೆದು ರುಜು ಹಾಕಿ. ನಿಮ್ಮ ಹೆಸರು ದೊಡ್ಡ ಸಾಹೇಬರಿಗೂ ಗೊತ್ತು, ನಿಮ್ಮ ರುಜು ಇದ್ರೆ ಒಪ್ತಾರೆ.”

ಒಂದು ಗಂಟೆ ಹೊರಗೆ ತಂದರೆ ಅವನು ಹೆಣವಾಗಿ ವಾಪಸು ಹೋಗುತ್ತಾನೆ. ಮೇಷ್ಟ್ರು ಪೆನ್ನಿಗೆ ಕೈಹಾಕಿ, ವ್ಯತ್ಯಾಸ ಇಲ್ಲ, ನಿನ್ನೆಯೇ ಹೇಳಿದೆನಲ್ಲ ಎಂದರು.

“ಇಲ್ಲ ಅಪ್ಪಾ, ಇದೆ,” ಎಂದಳು ಹುಡುಗಿ.

ಪಾಪ, ಅವಳಿಗೇನು ಗೊತ್ತು. ಸರ್ ಮರೆತಿರಬೇಕು, ನೆನಪಿಸಿದರೆ ಖುಷಿಪಡುತ್ತಾರೆ ಎಂದುಕೊಂಡಿದ್ದಳು. ಹೋದ ತಿಂಗಳು ಸರ್ ಇಬ್ಬರು ಹುಡುಗರಿಂದ ಇನ್ನೊಬ್ಬನ ತೋಳು ಹಿಡಿಸಿ, ಓಡು ಎಂದು ಹೇಳಿ, ಇದು ರಿಸ್ಟ್ರೇನ್ ಎಂದು ತೋರಿಸಿದ್ದರು ಎಂದಳು. ಇನ್ನೊಂದು ಪದಕ್ಕೆ ಏನೆಂದಿದ್ದರು ಎನ್ನುವುದನ್ನೂ ಒಂದಕ್ಷರ ಬಿಡದೆ ಒಪ್ಪಿಸಿದಳು. ಸಾಹೇಬನ ಕಿವಿ ಕೆಂಪಾಯಿತು. ಅವನು ಮಗಳನ್ನೂ ಮೇಷ್ಟ್ರನ್ನೂ ಬದಲಿಸಿ ಬದಲಿಸಿ ನೋಡಿದ. ನಿನ್ನೆ ಇವರು ತನಗೆ ಬೇಕೆಂದೇ ಟೋಪಿ ಹಾಕಿದ್ದರು ಎಂದು ಅವನಿಗೆ ಆಗ ಹೊಳೆಯಿತು.

ಮೇಷ್ಟ್ರು ಹುಡುಗಿಯ ಕಡೆ ತಿರುಗಿದರು. “ನಾನು ತಪ್ಪು ಹೇಳಿಕೊಟ್ಟಿದ್ದೆ ಕಣಮ್ಮ,” ಎಂದರು. “ನನಗೇ ಸರಿಯಾಗಿ ಗೊತ್ತಿರ್ಲಿಲ್ಲ.”

ಡಿಕ್ಷನರಿ ಮೇಷ್ಟ್ರು ತುಂಬಿದ ತರಗತಿಯ ಎದುರು ಹೀಗೆಂದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಮುಗಿಯುವ ಮೊದಲೇ ಸಾಹೇಬನ ಕೈ ಬೀಸಿತು. ಕನ್ನಡಕ ಹಾರಿ ಬೋರ್ಡಿಗೆ ಬಡಿದು ಚೂರಾಯಿತು. ಅಭ್ಯಾಸಬಲದಿಂದ ಮೇಷ್ಟ್ರ ಬುದ್ಧಿ ಆ ಏಟಿಗೂ ಹೆಸರು ಹುಡುಕಿತು: ಸ್ಲ್ಯಾಪ್. ಹೊಟ್ಟೆಗೆ ಬಿದ್ದ ಎರಡನೆಯದಕ್ಕೆ: ಪಂಚ್. ದಪ್ಪ ಪೇದೆಯ ಲಾಠಿ ಮಂಡಿಯ ಚಿಪ್ಪಿಗೆ ಬಿದ್ದಾಗ ಹೆಸರು ಬರಲಿಲ್ಲ, ನೋವು ಮಾತ್ರ ಬಂತು. ಅವರು ಮೇಜಿನ ಕಾಲು ಹಿಡಿದುಕೊಂಡು ನೆಲಕ್ಕೆ ಕುಸಿದರು.

“ಇದೆಯೋ ಇಲ್ವೋ?” ಎಂದ ಸಾಹೇಬ.

“ಎರಡೂ ಒಂದೇ.”

ಮುಖದ ಮೇಲೆ ಬೂಟು ಬಿತ್ತು. ಮೇಷ್ಟ್ರು ರಕ್ತ ಉಗುಳಿ ಮತ್ತೆ ಅದನ್ನೇ ಹೇಳಿದರು. ಪೇದೆ ಅವರ ಬಲಗೈಯನ್ನು ನೆಲಕ್ಕೆ ಒತ್ತಿ ಬೆರಳುಗಳ ಮೇಲೆ ನಿಂತ. ಸೀಮೆಸುಣ್ಣ ಹಿಡಿದು ಹಿಡಿದು ಬೆಳ್ಳಗಾಗಿದ್ದ ಬೆರಳುಗಳು ಒಣಕಡ್ಡಿಯ ಹಾಗೆ ಲಟಲಟ ಎಂದವು. ಹುಡುಗರು ಬೆಂಚುಗಳ ಕೆಳಗೆ ಸೇರಿಕೊಂಡಿದ್ದರು. ಒಬ್ಬನು ಉಚ್ಚೆ ಹೊಯ್ದುಕೊಂಡಿದ್ದ. ಇನ್ನೊಂದು ಸಲ ಕೇಳಿದರೆ ತಡೆಯಲಾರೆ, ಇದೆ ಎಂದುಬಿಡುತ್ತೇನೆ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಅವರು ವೀರರೂ ಅಲ್ಲ, ಧೀರರೂ ಅಲ್ಲ. ಆಯುಷ್ಯದಲ್ಲಿ ಒಂದು ಏಟು ತಿಂದವರೂ ಅಲ್ಲ. ಕೊನೆಗೂ ಆ ಪ್ರಶ್ನೆ ಬಂತು. ಅವರು ಬಾಯಿ ತೆರೆದರು.

“ಅಪ್ಪಾ,” ಎಂದಳು ಹುಡುಗಿ. “ನಂದೇ ತಪ್ಪು. ನಾನು ಬೇರೆ ಪದದ ಜೊತೆ ಕಲಸಿಕೊಂಡಿದ್ದೆ. ಎರಡೂ ಒಂದೇ.”

ಅವಳು ಬೆಂಚಿನ ಹತ್ತಿರವೇ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಸಾಹೇಬ ಏದುಸಿರು ಬಿಡುತ್ತಾ ತಿರುಗಿ, ನಿಜವೇನೇ ಎಂದು ಕೇಳಿದ. ಹೌದು ಎಂದಳು. ಡಿಕ್ಷನರಿಯಲ್ಲೂ ಹಾಗೇ ಇದೆ, ಬೇಕಿದ್ದರೆ ನಾನೇ ಬರೆದುಕೊಡುತ್ತೇನೆ ಎಂದು ಮೇಜಿನ ಹತ್ತಿರ ಬಂದಳು. ಮೇಷ್ಟ್ರ ರಕ್ತದಲ್ಲಿ ಕಾಲು ಜಾರಿತು, ಸಾವರಿಸಿಕೊಂಡಳು. ಪೆನ್ನು ಎತ್ತಿಕೊಂಡು ಕೆಂಪು ಸುತ್ತುಗಳ ಕೆಳಗೆ, ಈ ಎರಡು ಪದಗಳ ನಡುವೆ ಯಾವ ವ್ಯತ್ಯಾಸವೂ ಇಲ್ಲ ಎಂದು ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಒಂದೂ ತಪ್ಪಿಲ್ಲದೆ ಬರೆದಳು. ಆಮೇಲೆ ಕೆಳಗೆ ಬಗ್ಗಿ ಮೇಷ್ಟ್ರ ಎಡಗೈಗೆ ಪೆನ್ನು ಕೊಟ್ಟು, ಕೈ ಹಿಡಿದು ರುಜು ಹಾಕಿಸಿದಳು. ಮೇಷ್ಟ್ರು ಒಂದು ಸಲ ಅವಳ ಮುಖ ನೋಡಿದರು. ಅವಳು ನೋಡಲಿಲ್ಲ.

ಸಾಹೇಬ ಕಾಗದವನ್ನು ಬೆಳಕಿಗೆ ಹಿಡಿದು ಓದಿದ. ಮಗಳು ಹುಟ್ಟಿದಾಗಿನಿಂದ ತನ್ನ ಹತ್ತಿರ ಸುಳ್ಳು ಹೇಳಿದವಳಲ್ಲ, ಇಡೀ ತರಗತಿಗೆ ಮೊದಲು. ಅವನ ಭುಜಗಳು ಸಡಿಲವಾದವು. ಆಸ್ಪತ್ರೆಗೆ ಹೋಗುವುದು ಬೇಡ, ಜೀಪನ್ನು ದೊಡ್ಡ ಸಾಹೇಬರ ಕಚೇರಿಗೆ ತಿರುಗಿಸು ಎಂದು ಪೇದೆಯನ್ನು ಕೆಳಗೆ ಕಳಿಸಿದ. ಮೇಷ್ಟ್ರ ಕಡೆ ನೋಡಿ, ಮೊದಲೇ ಒತ್ತಿ ಹೇಳಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂದು ಗೊಣಗಿದ. ಕರವಸ್ತ್ರದಿಂದ ಕೈಬೆರಳು ಒಂದೊಂದಾಗಿ ಒರೆಸಿಕೊಂಡ. ಅವನಿಗೆ ಈಗ ಮಗಳ ಮೇಲೆ ಹೆಮ್ಮೆ ಉಕ್ಕಿ ಬಂದಿತ್ತು. ಜಾಣೆ ನನ್ನ ಕಂದ, ಬಾ ಮನೆಗೆ ಹೋಗೋಣ ಎಂದು ಅವಳ ತಲೆ ಸವರಲು ಕೈ ಎತ್ತಿದ.

ಆ ಕೈ ಹತ್ತಿರ ಬರುವ ಮೊದಲೇ ಹುಡುಗಿ ಎರಡೂ ಮೊಣಕೈ ಎತ್ತಿ ಮುಖ ಮುಚ್ಚಿಕೊಂಡು ಗೋಡೆಗೆ ಅಂಟಿಕೊಂಡಳು. ಅವನು ಅವಳಿಗೆ ಇವತ್ತಿನವರೆಗೆ ಒಂದೇಟೂ ಹೊಡೆದವನಲ್ಲ.